ಊರ ವರ್ತಮಾನವನ್ನು ಬರೆದಿಟ್ಟ ಉಪಾಧ್ಯಾಯ

ಬೇಲೂರು ತಾಲೂಕಿನ ಹಲ್ಮಿಡಿಯ ಶಾಸನವನ್ನು ನಮ್ಮ ಮಕ್ಕಳು ಪರೀಕ್ಷೆಯ ಒಂದಂಕದ ಪ್ರಶ್ನೆಗೆ ಉತ್ತರವಾಗಿ ಬಲ್ಲರು. ಅದರಲ್ಲಿ ಏನು ಬರೆದಿದೆ ಎಂದು ಕೇಳಿದರೆ ಮಕ್ಕಳಿರಲಿ, ಹಿರಿಯರೂ ತಡವರಿಸುತ್ತಾರೆ. ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನೆಂಬವನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಕೊಟ್ಟರು ಎಂಬುದೇ ಅದರ ಮುಖ್ಯ ಸಂಗತಿ. ಕ್ರಿ.ಶ. 450ರ ಸುಮಾರಿನ ಈ ಬರಹವನ್ನು ಭಾಷಾತಜ್ಞರು ಕನ್ನಡದ ಅತಿ ಪ್ರಾಚೀನ ಶಾಸನಗಳ ಸಾಲಿನಲ್ಲಿ ಇರಿಸಿ ಗೌರವಿಸುತ್ತಾರೆ. ಸಾಮಾನ್ಯ ಓದುಗನ ಕಣ್ಣಿಗೆ ಅದು ಎರಡು ಹಳ್ಳಿಗಳ ಸುದ್ದಿ. ಊರಿನಲ್ಲಿ ನಡೆದುದನ್ನು ಊರಿನವರ ಮಾತಿನಲ್ಲಿಯೇ ಕಲ್ಲಿನ ಮೇಲೆ ಬರೆಯಿಸಿದವರು ನಮ್ಮ ನೆಲದಲ್ಲಿ ಅಷ್ಟು ಹಿಂದೆಯೇ ಇದ್ದರು.

ಆ ಕಾಲದಿಂದ ಸುಮಾರು ಸಾವಿರದ ನಾನೂರು ವರ್ಷಗಳ ಬಳಿಕ ಇನ್ನೊಂದು ಕಲ್ಲಿನ ಮೇಲೆ ಇನ್ನೊಬ್ಬನು ಊರ ಸುದ್ದಿಯನ್ನು ಬರೆದನು. 1843ರ ಜುಲೈ 1ರಂದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಿದ್ದ ‘ಮಂಗಳೂರ ಸಮಾಚಾರ’ವೇ ಕನ್ನಡದ ಪ್ರಥಮ ವೃತ್ತಪತ್ರಿಕೆ. ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯ ಅಕ್ಷರಗಳನ್ನು ಮೂಡಿಸಿ, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಮೇಲೆ ಶಾಯಿಯ ಉರುಳೆಯನ್ನು ಓಡಿಸಿದರೆ ಶಾಯಿಯು ಜಿಡ್ಡಿರುವ ಅಕ್ಷರಗಳಿಗೆ ಮಾತ್ರ ಅಂಟಿಕೊಳ್ಳುತ್ತದೆ. ಅದರ ಮೇಲೆ ಕಾಗದವನ್ನು ಒತ್ತಿ ತೆಗೆಯುವುದು ಆ ಕಾಲದ ಕ್ರಮ. ಶಿಲ್ಪಿಯ ಉಳಿಯಿಂದ ನಾಲ್ಕಾರು ದಿನ ಹಿಡಿಯುತ್ತಿದ್ದ ಬರಹವು ಒಂದೇ ದಿನದಲ್ಲಿ ನೂರಾರು ಮನೆಗಳಿಗೆ ಹೋಗಬಲ್ಲದಾಯಿತು. ಆ ಪತ್ರಿಕೆಯ ಸಂಪಾದಕರೂ ಪ್ರಕಾಶಕರೂ ಆಗಿದ್ದವರು ಹರ್ಮನ್ ಮೋಗ್ಲಿಂಗ್.

ಪ್ರತಿವರ್ಷ ಜುಲೈ 1ರಂದು ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಜಿಲ್ಲಾ ಕೇಂದ್ರಗಳಲ್ಲಿ, ತಾಲೂಕು ಕೇಂದ್ರಗಳಲ್ಲಿ ಮೋಗ್ಲಿಂಗರ ಭಾವಚಿತ್ರಕ್ಕೆ ಹಾರ ಬೀಳುತ್ತದೆ, ‘ಕನ್ನಡ ಪತ್ರಿಕೋದ್ಯಮದ ಪಿತಾಮಹ’ ಎಂಬ ಬಿರುದು ಉಚ್ಚರಿಸಲ್ಪಡುತ್ತದೆ, ಬಳಿಕ ಅತಿಥಿಗಳು ಪ್ರಸಕ್ತ ರಾಜಕೀಯದ ಕಡೆಗೆ ಹೊರಳುತ್ತಾರೆ. ಈ ಗೌರವದಲ್ಲಿ ತಪ್ಪೇನೂ ಇಲ್ಲ. ಆದರೆ ಪಿತಾಮಹನೆಂದು ಕರೆದ ಮಾತ್ರಕ್ಕೆ ಆ ಮನುಷ್ಯನು ಮಾಡಿದ ಕೆಲಸ ಯಾವುದೆಂಬುದು ತಿಳಿಯುವುದಿಲ್ಲ. ಅವರು ಉಪಾಧ್ಯಾಯರಾಗಿದ್ದರು, ಪತ್ರಿಕೆ ನಡೆಸಿದರು, ತಾವು ಬದುಕಿದ ನಾಡಿನ ಚರಿತ್ರೆಯನ್ನು ಬರೆದರು. ಈ ಮೂರೂ ಅವರಲ್ಲಿ ಒಂದೇ ಕೆಲಸವಾಗಿತ್ತು ಎಂಬುದೇ ನನಗೆ ಮುಖ್ಯವಾಗಿ ಕಾಣುವ ಸಂಗತಿ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಥೋಲಿಕ ಕುಟುಂಬಗಳು ಈ ಪ್ರೊಟೆಸ್ಟಂಟ್ ಜರ್ಮನ್ ಪಾದ್ರಿಯನ್ನು ಸ್ಮರಿಸಬೇಕಾದದ್ದೂ ಅದೇ ಕಾರಣಕ್ಕೆ.

ಮೋಗ್ಲಿಂಗರು ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರವನ್ನು ಅಭ್ಯಸಿಸಿ, ಬಾಸೆಲ್ ಮಿಶನ್ನಿಗೆ ಸೇರಿ, 1836ರ ಕೊನೆಯಲ್ಲಿ ಮಂಗಳೂರಿಗೆ ಬಂದರು. ಮಿಶನ್ನಿನವರು ಅಲ್ಲಿ ಕಾಲಿಟ್ಟು ಆಗ ಎರಡೇ ವರ್ಷಗಳಾಗಿದ್ದವು. ಬೀದಿ ಬೀದಿಗಳಲ್ಲಿ ನಿಂತು ಉಪದೇಶಿಸುವ ಸಹೋದ್ಯೋಗಿಗಳ ನಡುವೆ ಇವರ ಒಲವು ಶಾಲೆಯ ಕಡೆಗಿತ್ತು. ಹುಡುಗರಿಗೆ ಪಾಠ ಹೇಳುವುದು, ಹುಡುಗರಿಂದಲೂ ಪಂಡಿತರಿಂದಲೂ ಕನ್ನಡವನ್ನು ಕಲಿಯುವುದು, ಗಾದೆಗಳನ್ನು ಕಲೆಹಾಕುವುದು, ಹಾಡುಗಳನ್ನು ಬರೆದುಕೊಳ್ಳುವುದು ಇವೆಲ್ಲ ಜೊತೆಜೊತೆಯಾಗಿ ಸಾಗಿದವು. 1847ರಲ್ಲಿ ಆರಂಭವಾದ ಬಾಸೆಲ್ ಮಿಶನ್ನಿನ ಸೆಮಿನರಿಯಲ್ಲಿ ಅವರ ಪಾತ್ರ ದೊಡ್ಡದು. ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಅದರ ಮುಂದುವರಿಕೆ. ವಿದ್ಯಾರ್ಥಿಯ ಭಾಷೆಯನ್ನು ಕಲಿಯದೆ ವಿದ್ಯಾರ್ಥಿಗೆ ಕಲಿಸಲಾಗದು ಎಂಬ ತಿಳಿವಳಿಕೆ ಆ ಶತಮಾನದ ವಿದೇಶೀಯರಲ್ಲಿ ಅಪರೂಪವಾಗಿತ್ತು. ಇಂದು ಸ್ವದೇಶೀಯರಲ್ಲಿಯೂ ಅಪರೂಪವಾಗುತ್ತಿದೆ ಎಂದರೆ ಕೆಲವರಿಗೆ ಬೇಸರವಾಗಬಹುದು.

‘ಮಂಗಳೂರ ಸಮಾಚಾರ’ವು ಹದಿನೈದು ದಿನಗಳಿಗೊಮ್ಮೆ ಬರುತ್ತಿದ್ದ ನಾಲ್ಕು ಪುಟಗಳ ಪತ್ರಿಕೆ, ಬೆಲೆ ಒಂದು ದುಡ್ಡು. ಅದರಲ್ಲಿ ಊರ ವರ್ತಮಾನವಿತ್ತು, ಸರಕಾರದ ನಿರೂಪಗಳಿದ್ದವು, ಹೊರನಾಡುಗಳ ಸುದ್ದಿಯಿತ್ತು, ಕಥೆಗಳೂ ನೀತಿಮಾತುಗಳೂ ಇದ್ದವು. ಇಂದಿನವರಿಗೆ ಸಪ್ಪೆಯೆನಿಸುವ ಈ ಪಟ್ಟಿಯಲ್ಲಿ ಗಮನಿಸಬೇಕಾದದ್ದು ಸರಕಾರಿ ನಿರೂಪಗಳು. ಕಂಪನಿ ಸರಕಾರದ ಆಜ್ಞೆಗಳು ಕಚೇರಿಯ ಗುಮಾಸ್ತನಿಗೆ ಮಾತ್ರ ತಿಳಿಯುತ್ತಿದ್ದ ಕಾಲವದು. ಅವನ್ನು ಒಂದು ದುಡ್ಡಿಗೆ ಕೊಂಡು ಓದಬಹುದಾದರೆ, ಓದು ಬಾರದವನು ಓದಬಲ್ಲವನಿಂದ ಓದಿಸಿ ಕೇಳಬಹುದಾದರೆ, ರೈತನು ಗುಮಾಸ್ತನ ಮುಂದೆ ನಿಲ್ಲುವ ಬಗೆಯೇ ಬದಲಾಗುತ್ತದೆ. ಪತ್ರಿಕೆಯು ಮಂಗಳೂರಿನಲ್ಲಿ ನಡೆದದ್ದು ಎಂಟು ತಿಂಗಳು ಮಾತ್ರ. ಕಲ್ಲಚ್ಚಿನ ತೊಡಕನ್ನು ನೀಗಲು 1844ರಲ್ಲಿ ಅದನ್ನು ಬಳ್ಳಾರಿಗೆ ಒಯ್ದು ಮೊಳೆಯಚ್ಚಿನಲ್ಲಿ ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಹೊರಡಿಸಿದರು. ಇವರ ಸಮಕಾಲೀನರೂ ಇದೇ ಮಿಶನ್ನಿನವರೂ ಆದ ಹರ್ಮನ್ ಗುಂಡರ್ಟರು ತಲಶ್ಶೇರಿಯಿಂದ ಮಲಯಾಳದ ‘ರಾಜ್ಯಸಮಾಚಾರಂ’ ಪತ್ರಿಕೆಯನ್ನು ತಂದದ್ದು ಇದಾದ ಮೇಲೆ, 1847ರಲ್ಲಿ.

ಮಂಗಳೂರಿನ ಕಥೆ ಅರಸೀಕೆರೆಯವರಿಗೆ ಏಕೆ ಎಂದು ಯಾರಾದರೂ ಕೇಳಿದರೆ ಉತ್ತರ ನಮ್ಮ ನೆರೆಯಲ್ಲಿಯೇ ಇದೆ. ಕಡೂರು ತಾಲೂಕಿನ ದೇವನೂರು ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನ ಊರೆಂದು ಪ್ರಸಿದ್ಧವಾಗಿದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಜಾತಿಮತಗಳ ಭೇದವಿಲ್ಲದೆ ಜನರು ಕುಳಿತು ಕೇಳುತ್ತಿದ್ದ ಆ ಕಾವ್ಯವು ಓಲೆಗರಿಗಳ ಕಟ್ಟುಗಳಲ್ಲಿ ಉಳಿದುಕೊಂಡು ಬಂದಿತ್ತು. ಅದನ್ನು ಅಚ್ಚಿಗೆ ತಂದ ಮೊದಲಿಗರಲ್ಲಿ ಮೋಗ್ಲಿಂಗರು ಒಬ್ಬರು. 1848ರಿಂದ 1853ರವರೆಗೆ ಅವರು ‘ಬಿಬ್ಲಿಯೋತಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಪ್ರಕಟಿಸಿದರು. ಮದರಾಸು ಸರಕಾರದ ಸೇವೆಯಿಂದ ನಿವೃತ್ತರಾಗಿದ್ದ ಕ್ಯಾಸಮೇಜರ್ ಎಂಬ ಅಧಿಕಾರಿ ಹಣ ನೀಡಿದರು. ಮೋಗ್ಲಿಂಗರ ಬಂಧು ಗಾಟ್‌ಫ್ರೀಡ್ ವೈಗ್ಲೆ ಕೈಗೂಡಿಸಿದರು. ವೈದಿಕ, ವೀರಶೈವ, ದಾಸ ಪರಂಪರೆಗಳ ಗ್ರಂಥಗಳನ್ನು ಒಬ್ಬ ಕ್ರೈಸ್ತ ಪಾದ್ರಿ ಅಚ್ಚುಹಾಕಿಸಿದನು ಎಂಬುದನ್ನು ನಾವು ಹಗುರವಾಗಿ ಹೇಳಿ ಮುಂದೆ ಹೋಗಬಾರದು. ಇವರು ಯಾವ ಜನರನ್ನು ತಮ್ಮ ಮತಕ್ಕೆ ಕರೆಯಲು ಬಂದಿದ್ದರೋ ಆ ಜನರ ಹಾಡುಗಳನ್ನೇ ಮುಂದಿನ ತಲೆಮಾರಿಗೆ ಕಾಯ್ದಿಟ್ಟರು. ಟ್ಯೂಬಿಂಗನ್ ವಿಶ್ವವಿದ್ಯಾಲಯವು 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಹಳೇಬೀಡಿಗೂ ಈ ಮುದ್ರಣಾಲಯದ ಋಣವಿದೆ. ಹೊಯ್ಸಳರ ಕಾಲದ ಕೇಶಿರಾಜನು ಬರೆದ ವ್ಯಾಕರಣ ‘ಶಬ್ದಮಣಿದರ್ಪಣ’ವನ್ನು ಮೋಗ್ಲಿಂಗರ ಕಿರಿಯ ಸಹೋದ್ಯೋಗಿ ಫರ್ಡಿನಂಡ್ ಕಿಟ್ಟೆಲರು 1872ರಲ್ಲಿ ಮಂಗಳೂರಿನಿಂದಲೇ ಪ್ರಕಟಿಸಿದರು. 1894ರ ಕಿಟ್ಟೆಲ್ ನಿಘಂಟಿನ ವಿಷಯ ಕನ್ನಡಿಗರಿಗೆ ಹೇಳಬೇಕಾಗಿಲ್ಲ.

1853ರಲ್ಲಿ ಮೋಗ್ಲಿಂಗರು ಕೊಡಗಿಗೆ ಹೋದರು. ಅಲ್ಲಿ ಅವರೊಳಗಿನ ಚರಿತ್ರಕಾರನು ಹೊರಬಂದನು. ಕೊಡಗು ಬ್ರಿಟಿಷರ ವಶವಾದದ್ದು 1834ರಲ್ಲಿ. ಅಂದರೆ ಅರಸೊತ್ತಿಗೆಯನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದರು. ದೊಡ್ಡ ವೀರರಾಜೇಂದ್ರನು ಬರೆಯಿಸಿದ ‘ರಾಜೇಂದ್ರನಾಮೆ’ ಎಂಬ ಕನ್ನಡ ಬಖೈರು ಕೈಗೆ ಸಿಗುವಂತಿತ್ತು. ಬರಹವನ್ನೂ ಬಾಯಿಮಾತನ್ನೂ ಸೇರಿಸಿ ಮೋಗ್ಲಿಂಗರು 1855ರಲ್ಲಿ ‘ಕೂರ್ಗ್ ಮೆಮೊಯರ್ಸ್’ ಎಂಬ ಇಂಗ್ಲಿಷ್ ಗ್ರಂಥವನ್ನು ಬೆಂಗಳೂರಿನಲ್ಲಿ ಅಚ್ಚುಹಾಕಿಸಿದರು. ಕೊಡಗಿನ ಚರಿತ್ರೆಯನ್ನು ಬರೆಯುವವರು ಇಂದಿಗೂ ಅದನ್ನು ದಾಟಿ ಹೋಗಲಾರರು.

ಆದರೂ ಇಲ್ಲಿ ಎರಡು ಆಕ್ಷೇಪಗಳನ್ನು ಹೇಳಲೇಬೇಕು. ಪತ್ರಿಕೆಯನ್ನು ಕನ್ನಡದಲ್ಲಿ ನಡೆಸಿದವರು ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಆ ಪುಸ್ತಕವನ್ನು ಕೊಂಡವರು ಅಧಿಕಾರಿಗಳು ಮತ್ತು ಮಿಶನ್ನಿನ ಪೋಷಕರು. ಯಾರ ಕಥೆಯೋ ಅವರ ಕೈಗೆ ಅದು ಬೇಗ ಬರಲಿಲ್ಲ. ಎರಡನೆಯದಾಗಿ, ಕೊಡಗಿನ ಅರಸರ ಕ್ರೌರ್ಯವನ್ನು ವರ್ಣಿಸುವಾಗ ಅವರ ದೃಷ್ಟಿ ಕಂಪನಿ ಸರಕಾರದ ದೃಷ್ಟಿಗೆ ತೀರ ಹತ್ತಿರ ಬರುತ್ತದೆ. ರಾಜ್ಯವನ್ನು ಕಿತ್ತುಕೊಂಡವರಿಗೆ ಕಳೆದುಕೊಂಡವನು ದುಷ್ಟನಾಗಿರುವುದು ಯಾವಾಗಲೂ ಅನುಕೂಲ. ಸಂತನೆಂದು ಆರಾಧಿಸುವುದಕ್ಕಿಂತ ಓದಿ ಪರೀಕ್ಷಿಸುವುದೇ ಬರಹಗಾರನಿಗೆ ಸಲ್ಲುವ ಗೌರವವಾದುದರಿಂದ ಇದನ್ನು ಮುಚ್ಚಿಡಬೇಕಾಗಿಲ್ಲ. ಪತ್ನಿಯ ಅನಾರೋಗ್ಯದ ಕಾರಣ 1860ರಲ್ಲಿ ಅವರು ಭಾರತವನ್ನು ಬಿಟ್ಟರು. 1881ರ ಮೇ 10ರಂದು ಎಸ್ಲಿಂಗನ್ ಎಂಬ ಊರಿನಲ್ಲಿ ತೀರಿಕೊಂಡರು. ಆ ಶತಮಾನದ ಕನ್ನಡದ ಹೊಸ ಹುಟ್ಟನ್ನು ವಿಸ್ತಾರವಾಗಿ ತಿಳಿಯಬಯಸುವವರು ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ವನ್ನು ಓದಬೇಕು.

ಬಾಸೆಲ್ ಮಿಶನ್ನಿಗೂ ನಮ್ಮ ಹಿರಿಯರಿಗೂ ಆ ಕಾಲದಲ್ಲಿ ಸಿಹಿಯಾದ ಸಂಬಂಧವಿರಲಿಲ್ಲ ಎಂಬುದನ್ನು ಬಲ್ಲವರು ನಮ್ಮಲ್ಲಿದ್ದಾರೆ. ಅವರು ನಮ್ಮನ್ನು ದಾರಿ ತಪ್ಪಿದವರೆಂದೂ ನಾವು ಅವರನ್ನು ಬೇರೆಯಾದವರೆಂದೂ ಕಂಡ ಕಾಲವದು. ಆದರೆ ಅಚ್ಚಿನ ಕಲ್ಲಿಗೂ ಮೊಳೆಗೂ ಪಂಗಡವಿರಲಿಲ್ಲ. ಜೆಸುಯಿಟ್ ಗುರು ಆಂಜೆಲೊ ಮಾಫೆಯಿ ಅವರ ಕೊಂಕಣಿ ವ್ಯಾಕರಣವು 1882ರಲ್ಲಿ, ಇಂಗ್ಲಿಷ್–ಕೊಂಕಣಿ ನಿಘಂಟು 1883ರಲ್ಲಿ ಅಚ್ಚಾದದ್ದು ಅದೇ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತೈಕ್ಯದ ಆದೇಶವನ್ನು ಹೊರಡಿಸಿದ್ದು 1964ರಲ್ಲಿ. ಮಂಗಳೂರಿನ ಮೊಳೆ ಜೋಡಿಸುವವರು ಅದಕ್ಕೂ ಎಂಬತ್ತು ವರ್ಷ ಹಿಂದೆಯೇ ತಮ್ಮ ಮಟ್ಟಿಗೆ ಅದನ್ನು ನಡೆಸಿಬಿಟ್ಟಿದ್ದರು.

ಈಗ ನಮ್ಮ ತಾಲೂಕುಗಳಿಗೆ ಬರೋಣ. ಇಲ್ಲಿಯ ಕಲ್ಲುಗಳನ್ನು ಓದಿದವರಲ್ಲಿಯೂ ಮುಂದಾಳು ಒಬ್ಬ ಉಪಾಧ್ಯಾಯನೇ. ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರು ಹೈಸ್ಕೂಲಿನ ಮುಖ್ಯಸ್ಥರಾಗಿ, ಬಳಿಕ ಶಾಲೆಗಳ ಇನ್ಸ್‌ಪೆಕ್ಟರ್ ಆಗಿ ಸಂಸ್ಥಾನವನ್ನೆಲ್ಲ ಸುತ್ತುವಾಗ ಊರೂರಿನ ಶಾಸನಗಳನ್ನು ಕಂಡು ಅವುಗಳ ಬೆನ್ನು ಹತ್ತಿದರು. ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವು ಹಾಸನ ಜಿಲ್ಲೆಯದು, 1902ರಲ್ಲಿ ಪ್ರಕಟವಾದ ಅದರಲ್ಲಿ ಅರಸೀಕೆರೆ ತಾಲೂಕಿನ, ಬೇಲೂರು ತಾಲೂಕಿನ ಒಂದೊಂದು ಕಲ್ಲಿಗೂ ಸಂಖ್ಯೆಯಿದೆ. ಹೊಯ್ಸಳರ ವಿಷಯದಲ್ಲಿ ಕಥೋಲಿಕ ವಿದ್ವಾಂಸರೂ ಹಿಂದುಳಿದವರಲ್ಲ. ಫಾದರ್ ಹೆನ್ರಿ ಹೆರಾಸ್ ಅವರು ಮುಂಬಯಿಯ ಸಂತ ಝೇವಿಯರ್ ಕಾಲೇಜಿನಲ್ಲಿ ಕಟ್ಟಿದ ಇತಿಹಾಸ ಸಂಶೋಧನಾ ಸಂಸ್ಥೆಯಿಂದ ವಿಲಿಯಂ ಕುವೆಲ್ಲೊ ಅವರ ‘ದಿ ಹೊಯ್ಸಳ ವಂಶ’ 1950ರಲ್ಲಿ ಹೊರಬಂದಿತು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇಗುಲಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದವು. ಅರಸರಿಗೂ ದಂಡನಾಯಕರಿಗೂ ಶಿಲ್ಪಿಗಳಿಗೂ ನ್ಯಾಯ ಸಂದಿದೆ ಎನ್ನಬಹುದು.

ಆದರೆ ಕಳೆದ ಇನ್ನೂರು ವರ್ಷಗಳ ಸಾಮಾನ್ಯ ಜನರಿಗೆ? ಕಥೋಲಿಕರ ಮಾತನ್ನೇ ತೆಗೆದುಕೊಳ್ಳೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಫ್ರೆಂಚ್ ಗುರು ಅಬ್ಬೆ ದುಬ್ವಾ ಅವರು ಹಾಸನದ ಸಮೀಪದಲ್ಲಿಯೂ ಕ್ರೈಸ್ತ ರೈತರ ನೆಲೆಯೊಂದನ್ನು ಕಟ್ಟಿದರು. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಅವರ ಗ್ರಂಥ ಜಗತ್ಪ್ರಸಿದ್ಧವಾಯಿತು. ಕಂಪನಿ ಸರಕಾರ ಅದರ ಹಸ್ತಪ್ರತಿಯನ್ನು ಹಣಕೊಟ್ಟು ಕೊಂಡಿತು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. (ಅದರಲ್ಲಿ ಬಹುಪಾಲು ಹದಿನೆಂಟನೆಯ ಶತಮಾನದ ಜೆಸುಯಿಟ್ ಗುರು ಕೋರ್ದು ಅವರ ಬರಹವನ್ನು ಆಧರಿಸಿದ್ದೆಂದು ಇತ್ತೀಚಿನ ಸಂಶೋಧಕರು ತೋರಿಸಿರುವುದು ಬೇರೆ ಮಾತು.) ಅಂಥ ಕೈ ನಮ್ಮ ಹಿರಿಯರ ಒಕ್ಕಲುಗಳನ್ನು ಕುರಿತು, ಅವರು ಓದಬಹುದಾದ ಕನ್ನಡದಲ್ಲಿ, ಒಂದು ಚಿಕ್ಕ ಪುಸ್ತಕವನ್ನಾದರೂ ಬರೆದಿದ್ದರೆ ಇಂದು ನಮಗೆ ಅದೇ ಬಂಗಾರವಾಗುತ್ತಿತ್ತು. ಕರಾವಳಿಯ ಬಂಧುಗಳಿಗೆ 1912ರಿಂದ ‘ಕೊಂಕಣಿ ದಿರ್ವೆಂ’, 1938ರಿಂದ ‘ರಾಕ್ಣೊ’ ಪತ್ರಿಕೆಗಳಿದ್ದವು. ಹಬ್ಬ, ಮದುವೆ, ಮರಣ, ಜಗಳ ಎಲ್ಲವೂ ಅವುಗಳ ಪುಟಗಳಲ್ಲಿ ಸಿಕ್ಕುತ್ತವೆ. ಬಯಲುಸೀಮೆಯ ಕನ್ನಡ ಕಥೋಲಿಕನಿಗೆ ಅಜ್ಜನ ಹೆಸರಿನಿಂದ ಹಿಂದಕ್ಕೆ ಹೋಗಬೇಕಾದರೆ ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕವೇ ಗತಿ. ಫ್ರೆಂಚ್ ಗುರುಗಳು ಲತೀನಿನಲ್ಲಿ ಬರೆದ ಒಂದು ಸಾಲಿನಲ್ಲಿ ತಂದೆ, ತಾಯಿ, ಜ್ಞಾನಪಿತ ಇಷ್ಟೇ. ಧಾತು ಈಶ್ವರ ಬರಗಾಲದಲ್ಲಿ, ಎಂದರೆ 1876–78ರಲ್ಲಿ, ಆ ಮನೆಯಲ್ಲಿ ಎಷ್ಟು ಜನ ಉಳಿದರು ಎಂದು ಆ ಸಾಲು ಹೇಳುವುದಿಲ್ಲ.

ಧರ್ಮಕೇಂದ್ರಗಳ ಶತಮಾನೋತ್ಸವದ ಸ್ಮರಣ ಸಂಚಿಕೆಗಳಿವೆಯಲ್ಲ ಎನ್ನಬಹುದು. ಅವನ್ನು ತೆರೆದು ನೋಡಿದವರಿಗೆ ಗೊತ್ತು: ಶುಭಸಂದೇಶಗಳು ಹದಿನೈದು ಪುಟ, ಜಾಹೀರಾತುಗಳು ನಲವತ್ತು ಪುಟ, ಚರಿತ್ರೆ ಎರಡು ಪುಟ. ಆ ಎರಡು ಪುಟಗಳಲ್ಲಿಯೂ ಗುರುಗಳ ಹೆಸರು ಮತ್ತು ಅವರು ಕಟ್ಟಿಸಿದ ಕಟ್ಟಡಗಳ ಪಟ್ಟಿ. ಕಲ್ಲು ಹೊತ್ತವರ, ಸುಣ್ಣ ಅರೆದವರ, ಗಂಟೆ ಬಾರಿಸಿದ ಉಪದೇಶಿಯ ಹೆಸರು ಅಪರೂಪ.

ಶೆಟ್ಟಿಹಳ್ಳಿಯ ಮಾತು ಇಲ್ಲಿ ಬರಲೇಬೇಕು. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯವು ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಮತ್ತೆ ಮೇಲೇಳುತ್ತದೆ. ಆ ಸೋಜಿಗವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಮದುವೆಯಾಗುವ ಜೋಡಿಗಳು ಅಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಬಿರುಕುಬಿಟ್ಟ ಗೋಡೆಗಳ ಚಿತ್ರಗಳು ಸಾವಿರಾರು ಇವೆ. ಆ ಗೋಡೆಗಳೊಳಗೆ ಮೊಣಕಾಲೂರಿದ್ದ ಕುಟುಂಬಗಳು, ಅವುಗಳ ಹೊಲಗದ್ದೆ, ಸಿಕ್ಕಿದ ಪರಿಹಾರ, ಹೊಸ ಊರಿನಲ್ಲಿ ಕಳೆದ ಮೊದಲ ಮಳೆಗಾಲ ಇವುಗಳ ಚಿತ್ರ ಯಾರ ಕೈಯಲ್ಲಿಯೂ ಇಲ್ಲ. ಅಣೆಕಟ್ಟು ಪೂರ್ಣವಾದದ್ದು 1979ರಲ್ಲಿ. ಮನೆ ತೊರೆದಾಗ ಇಪ್ಪತ್ತರ ಪ್ರಾಯದಲ್ಲಿದ್ದವರು ಇಂದು ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಅವರ ತಂದೆತಾಯಿಗಳಲ್ಲಿ ಬಹುಪಾಲು ಜನ ತೀರಿಕೊಂಡಿದ್ದಾರೆ. ಮೋಗ್ಲಿಂಗರು ಕೊಡಗಿಗೆ ಹೋದಾಗ ಅರಸೊತ್ತಿಗೆ ಅಳಿದು ಹತ್ತೊಂಬತ್ತು ವರ್ಷ ಕಳೆದಿತ್ತು, ಕೇಳಲು ಜನರಿದ್ದರು. ನಾವು ಅದರ ಎರಡರಷ್ಟು ಕಾಲವನ್ನು ಸುಮ್ಮನೆ ಕಳೆದಿದ್ದೇವೆ.

ಆದುದರಿಂದ ಬರುವ ಜುಲೈ 1ಕ್ಕೆ ನಮ್ಮ ಶಾಲೆಗಳು ಹಾರ ತುರಾಯಿಗಳಿಗೆ ತೆಗೆದಿಟ್ಟ ಹಣದಲ್ಲಿ ನೂರು ಪುಟದ ಬರೆಯುವ ಪುಸ್ತಕಗಳನ್ನು ಕೊಳ್ಳಲಿ ಎಂಬುದು ನನ್ನ ಸಲಹೆ. ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದೊಂದನ್ನು ಕೊಟ್ಟು, ಮನೆಯಲ್ಲಿ ಅಥವಾ ನೆರೆಯಲ್ಲಿ ಇರುವ ಅತಿ ಹಿರಿಯರ ಬಳಿಗೆ ಕಳುಹಿಸಬೇಕು. ಅವರು ಯಾವ ಮತದವರಾದರೂ ಆಗಬಹುದು. ಕೇಳಿದ್ದನ್ನು ಹೇಳಿದವರ ಮಾತಿನಲ್ಲಿಯೇ, ಕನ್ನಡದಲ್ಲಿಯೇ ಬರೆಯಬೇಕು. ಮನೆಯಲ್ಲಿ ತಮಿಳು, ಕೊಂಕಣಿ ಆಡುವವರು ಆ ಮಾತನ್ನೂ ಪಕ್ಕದಲ್ಲಿ ಬರೆದರೆ ಇನ್ನೂ ಒಳ್ಳೆಯದು. ಭಾಷಾ ಉಪಾಧ್ಯಾಯರು ತಿದ್ದುವ ಕೆಂಪು ಶಾಯಿಯನ್ನು ಸ್ವಲ್ಪ ಹಿಡಿತದಲ್ಲಿಟ್ಟುಕೊಳ್ಳಲಿ. ದಿನಾಂಕ, ಊರು, ಹೇಳಿದವರ ವಯಸ್ಸು ಮಾತ್ರ ತಪ್ಪದೆ ಇರಲಿ. ಆ ಪುಸ್ತಕಗಳ ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಧರ್ಮಕೇಂದ್ರದ ಕಪಾಟಿನಲ್ಲಿ ಜ್ಞಾನಸ್ನಾನದ ಪುಸ್ತಕಗಳ ಪಕ್ಕದಲ್ಲಿ ಉಳಿಯಲಿ. ಆಯ್ದ ಭಾಗಗಳನ್ನು ಪ್ರಕಟಿಸಲು ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಮೂಲೆಯೊಂದು ಸಿಕ್ಕದೆ ಹೋಗದು. ಇಷ್ಟಕ್ಕೆ ವಿದ್ವಾಂಸರೂ ಬೇಡ, ಅನುದಾನವೂ ಬೇಡ.

ಶೆಟ್ಟಿಹಳ್ಳಿಯ ಕಡೆಗೆ ಹೋಗುವ ಮಕ್ಕಳಿಗೆ ಒಂದೆರಡು ಪ್ರಶ್ನೆಗಳನ್ನು ಈಗಲೇ ಬರೆದುಕೊಡಬಹುದು. ಊರು ಬಿಡಬೇಕೆಂದು ಮೊದಲು ಯಾರು ಬಂದು ಹೇಳಿದರು? ಸತ್ತವರ ಗೋರಿಗಳನ್ನು ಏನು ಮಾಡಿದಿರಿ? ಕೊನೆಯ ಪೂಜೆಯ ದಿನ ಯಾವ ಹಾಡನ್ನು ಹಾಡಿದಿರಿ, ಆಮೇಲೆ ಗುಡಿಯ ಬಾಗಿಲನ್ನು ಹಾಕಿಕೊಂಡು ಬಂದವರು ಯಾರು?